ತಾಯ್ ಚಿ ಕಲಿಯಲು ಹೊರಟವರಿಗೆ: ಮೊದಲು ಕಾಲು, ಆಮೇಲೆ ಕೈ

ಯೋಗ, ವಾಕಿಂಗ್ ಬಗ್ಗೆ ಏನೇ ಬರೆದರೂ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ತಾಯ್ ಚಿ ಕಲಿಯುವ ಆಸೆಯಿದೆ. ಊರಲ್ಲಿ ಕಲಿಸುವವರಿಲ್ಲ. ವಯಸ್ಸು ಐವತ್ತು ದಾಟಿದೆ, ಮಂಡಿ ಆಗಾಗ ನೋಯುತ್ತದೆ. ವಿಡಿಯೊ ನೋಡಿಕೊಂಡು ಶುರು ಮಾಡಬಹುದೇ?" ಶುರು ಮಾಡಬಹುದು. ಆದರೆ ಯಾವುದನ್ನು ಮೊದಲು ಕಲಿಯುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ವಿಡಿಯೊ ಹಾಕಿಕೊಂಡ ಕೂಡಲೇ ಕಣ್ಣು ಗುರುವಿನ ಕೈಗಳ ಮೇಲೆ ಹೋಗುತ್ತದೆ, ನಮ್ಮ ಕೈಯೂ ಹಾಗೇ ಗಾಳಿಯಲ್ಲಿ ತೇಲತೊಡಗುತ್ತದೆ. ನಿಜವಾದ ಕೆಲಸ ನಡೆಯುತ್ತಿರುವುದು ಸೊಂಟದ ಕೆಳಗೆ. ಕಾಲು ಕಲಿಯದೆ ಕೈ ಕಲಿತವರು ಎರಡು ತಿಂಗಳಲ್ಲಿ ಮಂಡಿ ಹಿಡಿದುಕೊಂಡು ಕೂರುತ್ತಾರೆ, ಇಲ್ಲವೇ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಕಾಲಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಲಿಯುವ ಮುನ್ನ ಇಷ್ಟು ತಿಳಿದಿರಲಿ

ತಾಯ್ ಚಿಯ ಪೂರ್ಣ ಹೆಸರು ತಾಯ್‌ಜಿಚುಆನ್. ಇದು ಚೀನಾದ ಒಂದು ಯುದ್ಧಕಲೆ. ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯ ಚೆನ್ ಮನೆತನದಲ್ಲಿ, 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಎಂಬ ಯೋಧನಿಂದ ಇದರ ಪರಂಪರೆ ಆರಂಭವಾಯಿತು ಎಂದು ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಜಾಂಗ್ ಸಾನ್‌ಫೆಂಗ್ ಎಂಬ ದಾವ್ ಪಂಥದ ಸಾಧು ಹಾವು ಹಕ್ಕಿಯ ಕಾದಾಟ ನೋಡಿ ಇದನ್ನು ರಚಿಸಿದ ಎಂಬ ಕಥೆ ಕೇಳಲು ಚೆನ್ನಾಗಿದೆ, ಚಾರಿತ್ರಿಕ ಆಧಾರ ಇಲ್ಲ. 19ನೇ ಶತಮಾನದಲ್ಲಿ ಯಾಂಗ್ ಲುಚಾನ್ ಎಂಬಾತ ಚೆನ್‌ಜಿಯಾಗೌನಲ್ಲಿ ಕಲಿತು ಬೀಜಿಂಗ್‌ನಲ್ಲಿ ಕಲಿಸಿದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಚಲನೆಗಳನ್ನು ದೊಡ್ಡದಾಗಿ, ನಿಧಾನವಾಗಿ, ಒಂದೇ ವೇಗದಲ್ಲಿ ಮಾಡುವ ಕ್ರಮವನ್ನು ಜನಪ್ರಿಯಗೊಳಿಸಿದ. ಇಂದು ಉದ್ಯಾನಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ. 1956ರಲ್ಲಿ ಚೀನಾದ ರಾಷ್ಟ್ರೀಯ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದ ಆರಿಸಿ 24 ಚಲನೆಗಳ ಸರಳ ವರಸೆಯೊಂದನ್ನು ಸಿದ್ಧಪಡಿಸಿತು. ಬೀಜಿಂಗ್‌ನ ಟೆಂಪಲ್ ಆಫ್ ಹೆವನ್ ಉದ್ಯಾನದಲ್ಲಿ ಬೆಳಗ್ಗೆ ನಿಂತರೆ ಇದನ್ನು ಮಾಡುವವರು ಗುಂಪುಗುಂಪಾಗಿ ಸಿಗುತ್ತಾರೆ. 2020ರಲ್ಲಿ ಯುನೆಸ್ಕೊ ತಾಯ್‌ಜಿಚುಆನ್ ಅನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಫಲ ಏನು ಎಂದು ಕೇಳುವವರಿಗೆ: ಸಮತೋಲನದ ವಿಷಯದಲ್ಲಿ ಒಳ್ಳೆಯ ಆಧಾರ ಇದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಜನರನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಸಲ, ಒಂದೊಂದು ಗಂಟೆ, 24 ವಾರ ಅಭ್ಯಾಸ ಮಾಡಿಸಿದರು. ತಾಯ್ ಚಿ ಗುಂಪಿನವರ ಸಮತೋಲನ ಉಳಿದೆರಡು ಗುಂಪಿನವರಿಗಿಂತ ಹೆಚ್ಚು ಸುಧಾರಿಸಿತು. ವಯಸ್ಸಾದವರು ಜಾರಿ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೂ ಅಧ್ಯಯನಗಳಿವೆ. ಸಕ್ಕರೆ ಕಾಯಿಲೆ ಮಾಯವಾಗುತ್ತದೆ, ಕ್ಯಾನ್ಸರ್ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಔಷಧಿಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ.

ಯಾವ ಶೈಲಿ?

ಮುಖ್ಯವಾಗಿ ಐದು ಮನೆತನಗಳ ಶೈಲಿಗಳಿವೆ. ಚೆನ್ ಶೈಲಿಯಲ್ಲಿ ತಗ್ಗಿ ನಿಲ್ಲುವುದು, ಕಾಲು ಅಪ್ಪಳಿಸುವುದು, ನಡುನಡುವೆ ಥಟ್ಟನೆ ಬಲ ಹೊರಹಾಕುವುದು ಇರುತ್ತದೆ. ನೋಡಲು ಬೆರಗು ಹುಟ್ಟಿಸುತ್ತದೆ, ಮಂಡಿ ನೋವಿರುವವರು ಗುರುವಿಲ್ಲದೆ ಆ ದಾರಿಗೆ ಹೋಗಬೇಡಿ. ಸುನ್ ಲುಟಾಂಗ್ (1860–1933) ರೂಪಿಸಿದ ಸುನ್ ಶೈಲಿಯಲ್ಲಿ ನಿಲುವು ಎತ್ತರ, ಹೆಜ್ಜೆ ಚಿಕ್ಕದು. ಸಂಧಿವಾತ ಇರುವವರಿಗೆ ಅದು ಹಿತ. ಉಳಿದವರು ಯಾಂಗ್ ಶೈಲಿಯ 24 ಚಲನೆಗಳ ವರಸೆಯನ್ನೇ ಹಿಡಿಯಿರಿ. ಎಲ್ಲಿ ಹೋದರೂ ಅದು ಗೊತ್ತಿರುವವರು ಸಿಗುತ್ತಾರೆ. ನಮ್ಮವರು ಎಷ್ಟೋ ಮಂದಿ ನೆಲೆಸಿರುವ ಸಿಂಗಾಪುರದಂಥ ಊರುಗಳಲ್ಲಿ ಬೆಳಗ್ಗೆ ಪಾರ್ಕಿನ ಗುಂಪಿಗೆ ಹೋಗಿ ಸೇರಿಕೊಳ್ಳಬಹುದು.

ಏನೇನು ಬೇಕು

ನಾಲ್ಕು ಹೆಜ್ಜೆ ಮುಂದಕ್ಕೆ, ಎರಡು ಹೆಜ್ಜೆ ಪಕ್ಕಕ್ಕೆ ಇಡುವಷ್ಟು ಜಾಗ. ತಾರಸಿ, ಪಡಸಾಲೆ, ಅಂಗಳ ಯಾವುದಾದರೂ ಸರಿ, ನೆಲ ಮಟ್ಟಸವಾಗಿರಲಿ. ಯೋಗದ ಚಾಪೆ ಬೇಡ. ಅದರ ಮೇಲೆ ಪಾದ ಅಂಟಿಕೊಂಡು ಮೈ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ. ತೆಳು ಅಡಿಯ, ಚಪ್ಪಟೆಯಾದ ಕ್ಯಾನ್ವಾಸ್ ಶೂ ಸಾಕು. ಹಿಮ್ಮಡಿ ಎತ್ತರವಿರುವ ರನ್ನಿಂಗ್ ಶೂ ಹೊಂದುವುದಿಲ್ಲ. ಸಡಿಲವಾದ ಪೈಜಾಮ ಅಥವಾ ಟ್ರ್ಯಾಕ್ ಪ್ಯಾಂಟ್ ಇರಲಿ. ರೇಷ್ಮೆಯ ಉಡುಪು ಕೊಳ್ಳುವ ಅಗತ್ಯವಿಲ್ಲ. ಊಟವಾಗಿ ಎರಡು ಗಂಟೆ ಕಳೆದಿರಲಿ.

ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು, ತಲೆಸುತ್ತು ಬರುವವರು, ಹೃದ್ರೋಗಿಗಳು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿದ್ದರೆ ಶೂ ಹಾಕಿಕೊಂಡು, ಗೋಡೆ ಕೈಗೆಟಕುವಂತೆ ನಿಂತೇ ಅಭ್ಯಾಸ ಮಾಡಿ.

ಹಂತ 1: ನಿಲ್ಲುವುದು (ಮೊದಲ ಎರಡು ವಾರ)

ಇದಕ್ಕೆ ಚೀನೀ ಭಾಷೆಯಲ್ಲಿ ಝಾನ್ ಝುವಾಂಗ್ ಎನ್ನುತ್ತಾರೆ, ಕಂಬದ ಹಾಗೆ ನಿಲ್ಲುವ ಅಭ್ಯಾಸ. ಪಾದಗಳು ಭುಜದಗಲಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಇರಲಿ. ಮಂಡಿಯ ಬಿಗಿ ಬಿಡಿಸಿ, ತೀರ ಬಗ್ಗಿಸಬೇಡಿ. ಸ್ಟೂಲಿನ ಅಂಚಿನಲ್ಲಿ ಕೂರಲು ಹೊರಟು ಅಲ್ಲೇ ನಿಂತರೆ ಸೊಂಟದ ಹಿಂಭಾಗ ಹೇಗೆ ಸಡಿಲವಾಗುತ್ತದೋ ಅಷ್ಟು ಸಾಕು. ನೆತ್ತಿ ಮೇಲಕ್ಕೆ, ಗದ್ದ ತುಸು ಒಳಕ್ಕೆ, ಭುಜ ಕೆಳಕ್ಕೆ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ತಾಗಿರಲಿ. ಉಸಿರು ಮೂಗಿನಿಂದ, ತನ್ನ ಪಾಡಿಗೆ ತಾನು. ಕಣ್ಣು ತೆರೆದಿರಲಿ.

ಮೊದಲ ವಾರ ಮೂರು ನಿಮಿಷ, ಎರಡನೇ ವಾರ ಐದು. ಕೈ ಪಕ್ಕಕ್ಕೆ ಇಳಿಬಿಟ್ಟಿರಲಿ. ಅದು ಅಭ್ಯಾಸವಾದ ಮೇಲೆ ಕೈಗಳನ್ನು ಎದೆಯ ಮಟ್ಟಕ್ಕೆ ತಂದು, ಬೆರಳ ತುದಿಗಳು ಎದುರುಬದುರಾಗುವಂತೆ ದುಂಡಗೆ ಹಿಡಿಯಿರಿ. ಮೊಣಕೈ ಮಣಿಕಟ್ಟಿಗಿಂತ ಕೆಳಗಿರಬೇಕು.

ನಿಂತಿರುವಾಗ ಗಮನಿಸಬೇಕಾದದ್ದು ಅಂಗಾಲನ್ನು. ತೂಕ ಎಲ್ಲಿ ಬೀಳುತ್ತಿದೆ? ಹೆಚ್ಚಿನವರಿಗೆ ಹಿಮ್ಮಡಿಯ ಮೇಲೆ, ಅದೂ ಒಂದೇ ಕಾಲಿನ ಹಿಮ್ಮಡಿಯ ಮೇಲೆ ಇರುತ್ತದೆ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಈ ಮೂರೂ ನೆಲಕ್ಕೆ ಸಮನಾಗಿ ಒತ್ತುವವರೆಗೆ ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನೋಡಿ.

*ಎಚ್ಚರಿಕೆ:* ತೊಡೆ ಉರಿಯುವುದು, ಸಣ್ಣಗೆ ನಡುಗುವುದು ಸಹಜ. ಮಂಡಿಚಿಪ್ಪಿನ ಒಳಗೆ ಚುಚ್ಚಿದಂತಾದರೆ ಅದು ಸಹಜವಲ್ಲ. ಕೂಡಲೇ ನಿಲುವನ್ನು ಎತ್ತರಿಸಿ, ಆಗಲೂ ಚುಚ್ಚಿದರೆ ಆ ದಿನಕ್ಕೆ ನಿಲ್ಲಿಸಿ. ಯೋಗ ಮಾಡಿ ಅಭ್ಯಾಸ ಇರುವವರು ತಾಡಾಸನದ ಹಾಗೆ ಮಂಡಿಚಿಪ್ಪು ಮೇಲೆತ್ತಿ ಬಿಗಿಹಿಡಿಯುತ್ತಾರೆ, ಕಣ್ಣು ಮುಚ್ಚುತ್ತಾರೆ. ಇಲ್ಲಿ ಎರಡೂ ಬೇಡ.

ಹಂತ 2: ತೂಕ ಬದಲಾಯಿಸುವುದು (ಮೂರನೇ ವಾರದಿಂದ)

ಇಡೀ ತಾಯ್ ಚಿಯ ಜೀವ ಇರುವುದು ಇಲ್ಲಿ. ತೂಕ ಹೊತ್ತ ಕಾಲು ತುಂಬಿದ ಕಾಲು, ತೂಕ ಇಲ್ಲದ್ದು ಖಾಲಿ ಕಾಲು. ಯಾವ ಕ್ಷಣದಲ್ಲಿ ಯಾವುದು ತುಂಬಿದೆ, ಯಾವುದು ಖಾಲಿ ಎಂದು ನಿಮಗೆ ಗೊತ್ತಿರಬೇಕು. ಯಾಂಗ್ ಚೆಂಗ್‌ಫು ಶಿಷ್ಯರಿಗೆ ಹೇಳಿಕೊಟ್ಟ ಹತ್ತು ಮುಖ್ಯ ಅಂಶಗಳಲ್ಲಿ ಇದೂ ಒಂದು.

ಮೊದಲು ನಿಂತಲ್ಲೇ ಮಾಡಿ. ಹಂತ 1ರ ನಿಲುವಿನಿಂದ ತೂಕವನ್ನು ನಿಧಾನವಾಗಿ ಬಲಗಾಲಿಗೆ ಸಾಗಿಸಿ, ಒಂದು ಚೊಂಬಿನಿಂದ ಇನ್ನೊಂದಕ್ಕೆ ನೀರು ಬಗ್ಗಿಸುವ ಹಾಗೆ. ಎಡಗಾಲು ಪೂರ್ತಿ ಖಾಲಿಯಾದ ಮೇಲೆ ಮಾತ್ರ ಅದರ ಹಿಮ್ಮಡಿ ತಾನಾಗಿ ಮೇಲೇಳಬೇಕು. ತಲೆ ಮೇಲೆ ಕೆಳಗೆ ಆಗಬಾರದು. ಆ ಕಡೆ ಈ ಕಡೆ ಹತ್ತು ಹತ್ತು ಸಲ.

ಇನ್ನು ಹೆಜ್ಜೆ. ಬಿಲ್ಲು ಹೆಜ್ಜೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇದೊಂದು ಬಂದರೆ ವರಸೆಯ ಬಹುಪಾಲು ಹೆಜ್ಜೆಗಳು ಬಂದಂತೆ.

ತೂಕ ಪೂರ್ತಿ ಬಲಗಾಲಿನ ಮೇಲಿದೆ, ಬಲಪಾದ ಸುಮಾರು 45 ಡಿಗ್ರಿ ಹೊರಕ್ಕೆ ತಿರುಗಿದೆ. ಖಾಲಿಯಾದ ಎಡಗಾಲನ್ನು ಎತ್ತಿ ಮುಂದಕ್ಕೆ ತಂದು ಹಿಮ್ಮಡಿಯನ್ನು ಮಾತ್ರ ನೆಲಕ್ಕೆ ಮುಟ್ಟಿಸಿ. ಇಲ್ಲಿ ನಿಲ್ಲಿ. ಈಗ ಪರೀಕ್ಷೆ: ಮೈ ಸ್ವಲ್ಪವೂ ಅಲ್ಲಾಡದೆ ಆ ಎಡಗಾಲನ್ನು ಮತ್ತೆ ಎತ್ತಿ ಹಿಂದಕ್ಕೆ ತರಲು ಆಗುತ್ತದೆಯೇ? ಆಗದಿದ್ದರೆ ಹೆಜ್ಜೆ ಉದ್ದವಾಯಿತು, ನೀವು ಮುಂದಕ್ಕೆ ಬಿದ್ದು ಕಾಲಿನಿಂದ ಮೈಯನ್ನು ಹಿಡಿದುಕೊಂಡಿದ್ದೀರಿ ಎಂದರ್ಥ. ಹೆಜ್ಜೆ ಚಿಕ್ಕದು ಮಾಡಿ. ಆಗುತ್ತದೆ ಎಂದಾದರೆ ಪಾದವನ್ನು ಹಿಮ್ಮಡಿಯಿಂದ ಬೆರಳಿನವರೆಗೆ ನೆಲಕ್ಕೆ ಇಳಿಸಿ, ಆಮೇಲೆ ತೂಕವನ್ನು ಮುಂದಕ್ಕೆ ಬಿಡಿ. ಎಡ ಮಂಡಿ ಬಾಗುತ್ತದೆ, ಹಿಂದಿನ ಕಾಲು ನೀಳವಾಗುತ್ತದೆ, ಆದರೆ ಬಿಗಿಯಾಗುವುದಿಲ್ಲ. ಕೊನೆಯಲ್ಲಿ ಸುಮಾರು 70 ಭಾಗ ಮುಂದಿನ ಕಾಲಿನ ಮೇಲೆ, 30 ಭಾಗ ಹಿಂದಿನದರ ಮೇಲೆ. ಎರಡೂ ಪಾದಗಳ ನಡುವೆ ಅಡ್ಡಕ್ಕೆ ಭುಜದಗಲದ ಅಂತರ ಇರಬೇಕು. ಒಂದೇ ಗೆರೆಯ ಮೇಲೆ ಇಟ್ಟರೆ ತೂಗಾಡುತ್ತೀರಿ.

*ಎಚ್ಚರಿಕೆ:* ಮೂರು ತಪ್ಪುಗಳು ಮಂಡಿಯನ್ನು ಹಾಳುಮಾಡುತ್ತವೆ. ಒಂದು, ಮಂಡಿ ಕಾಲ್ಬೆರಳ ತುದಿಯನ್ನು ದಾಟಿ ಮುಂದೆ ಹೋಗುವುದು. ಎರಡು, ಮಂಡಿ ಒಳಕ್ಕೆ ವಾಲುವುದು. ಬಗ್ಗಿ ನೋಡಿದರೆ ಮಂಡಿ ಎರಡನೇ ಬೆರಳ ದಿಕ್ಕಿಗೇ ಇರಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ತೂಕ ಮೇಲಿರುವಾಗಲೇ ಪಾದವನ್ನು ತಿರುಗಿಸುವುದು. ಮುಂದಿನ ಹೆಜ್ಜೆಗೆ ಪಾದ ಹೊರಕ್ಕೆ ತಿರುಗಬೇಕಾದಾಗ ಮೊದಲು ತೂಕವನ್ನು ಹಿಂದಿನ ಕಾಲಿಗೆ ತನ್ನಿ, ಮುಂದಿನ ಪಾದದ ಬೆರಳುಗಳನ್ನು ಎತ್ತಿ, ಹಿಮ್ಮಡಿಯ ಮೇಲೆ ತಿರುಗಿಸಿ, ಮತ್ತೆ ಇಳಿಸಿ. ತಿರುಗುವಿಕೆ ತೊಡೆಸಂದಿನಿಂದ ಬರಬೇಕು. ಮಂಡಿ ಬಾಗಿಲ ಕೀಲಿಗಿಂತ ಸ್ವಲ್ಪವೇ ಹೆಚ್ಚು ಆಡುವ ಕೀಲು, ಅದಕ್ಕೆ ತಿರುಚು ಆಗಿಬರುವುದಿಲ್ಲ.

ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಪಡಸಾಲೆಯ ಆ ತುದಿಯಿಂದ ಈ ತುದಿಗೆ ಇದನ್ನೇ ನಡೆಯಿರಿ, ದಿನಕ್ಕೆ ಹತ್ತು ನಿಮಿಷ. ಕನಿಷ್ಠ ಒಂದು ತಿಂಗಳು. ಬೇಜಾರಾಗುತ್ತದೆ ಎಂದು ಗೊತ್ತು. ಆದರೂ ಬಿಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಹಂತ 3: ಬಾದುವಾನ್‌ಜಿನ್ (ಹಂತ 2ರ ಜೊತೆಜೊತೆಗೇ)

ಕಾಲಿನ ಅಭ್ಯಾಸ ನಡೆಯುತ್ತಿರುವಾಗ ಬೆನ್ನು, ಭುಜ, ಉಸಿರಿಗೆ ಕೆಲಸ ಕೊಡುವುದು ಬಾದುವಾನ್‌ಜಿನ್. ಇದು ಚಿಗಾಂಗ್, ಅಂದರೆ ಚಲನೆ, ಉಸಿರು, ಗಮನ ಮೂರನ್ನೂ ಸೇರಿಸಿದ ಚೀನೀ ವ್ಯಾಯಾಮಗಳ ವರ್ಗಕ್ಕೆ ಸೇರಿದ್ದು. ಎಂಟೇ ಚಲನೆಗಳು, ಸಾಂಗ್ ರಾಜವಂಶದ ಕಾಲದಿಂದ ಹೆಸರು ಸಿಗುತ್ತದೆ. ಹದಿನೈದು ನಿಮಿಷದೊಳಗೆ ಮುಗಿಯುತ್ತದೆ.

ಕ್ರಮ ಹೀಗೆ: ಎರಡೂ ಕೈ ಹೆಣೆದು ಆಕಾಶಕ್ಕೆ ಎತ್ತುವುದು, ಎಡಕ್ಕೆ ಬಲಕ್ಕೆ ಬಿಲ್ಲು ಎಳೆಯುವುದು, ಒಂದು ಕೈ ಮೇಲೆ, ಒಂದು ಕೆಳಗೆ ಒತ್ತುವುದು, ತಲೆ ತಿರುಗಿಸಿ ಹಿಂದೆ ನೋಡುವುದು, ತಗ್ಗಿ ನಿಂತು ತಲೆ ಸೊಂಟ ತೂಗುವುದು, ಬಾಗಿ ಪಾದದ ಕಡೆಗೆ ಕೈ ಇಳಿಸುವುದು, ಮುಷ್ಟಿ ಬಿಗಿದು, ಕಣ್ಣರಳಿಸಿ ಮುಂದಕ್ಕೆ ಗುದ್ದುವುದು, ಕೊನೆಗೆ ಹಿಮ್ಮಡಿ ಎತ್ತಿ ಏಳು ಸಲ ನೆಲಕ್ಕೆ ಬಿಡುವುದು.

*ಎಚ್ಚರಿಕೆ:* ಐದನೆಯದರಲ್ಲಿ ಆಳವಾಗಿ ತಗ್ಗುವುದು ಆರಂಭದಲ್ಲಿ ಬೇಡ. ಗ್ಲಾಕೋಮಾ, ಹೆಚ್ಚಿನ ರಕ್ತದೊತ್ತಡ, ಮೂಳೆ ಸವೆತ ಇರುವವರು ಆರನೆಯದರಲ್ಲಿ ತಲೆಯನ್ನು ಸೊಂಟಕ್ಕಿಂತ ಕೆಳಗೆ ತರಬೇಡಿ, ಕೈ ಮಂಡಿವರೆಗೆ ಬಂದರೆ ಸಾಕು. ಬೆನ್ನುಮೂಳೆಯ ತೊಂದರೆ ಇದ್ದರೆ ಎಂಟನೆಯದರಲ್ಲಿ ಹಿಮ್ಮಡಿಯನ್ನು ಕುಕ್ಕಬೇಡಿ, ಮೆಲ್ಲನೆ ಇಳಿಸಿ. ಮತ್ತೆ, ಯಾವುದನ್ನೂ ಕೊನೆಯಂಚಿನವರೆಗೆ ಚಾಚಬೇಡಿ. ಕೈ ಎಷ್ಟು ಹೋಗಬಲ್ಲದೋ ಅದಕ್ಕಿಂತ ತುಸು ಮೊದಲೇ ನಿಲ್ಲಬೇಕು.

ಹಂತ 4: ವರಸೆಗೆ ಕೈ ಹಾಕುವುದು (ಎರಡನೇ ತಿಂಗಳ ನಂತರ)

24ನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಮೊದಲ ನಾಲ್ಕು ಸಾಕು: ಆರಂಭದ ಕೈ ಎತ್ತುವಿಕೆ, ಕಾಡುಕುದುರೆಯ ಕೇಸರ ಬೇರ್ಪಡಿಸುವುದು (ಮೂರು ಸಲ), ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಮಂಡಿ ಸವರಿ ತಳ್ಳುವುದು (ಮೂರು ಸಲ). ಹೆಸರು ಕಾವ್ಯದಂತೆ ಕಂಡರೂ ಎರಡನೆಯದು, ನಾಲ್ಕನೆಯದು ನೀವು ತಿಂಗಳಿಡೀ ನಡೆದ ಅದೇ ಬಿಲ್ಲು ಹೆಜ್ಜೆ, ಕೈ ಸೇರಿಸಿದ್ದು ಅಷ್ಟೇ.

ಕೈ ಯಾಕೆ ಹಾಗೆ ಹೋಗುತ್ತದೆ ಎಂಬುದನ್ನು ತಿಳಿದು ಮಾಡಿ. ಮಂಡಿ ಸವರುವ ಚಲನೆಯಲ್ಲಿ ಕೆಳಗಿನ ಕೈ ಎದುರಾಳಿಯ ಒದೆತವನ್ನೋ ಕೆಳಮಟ್ಟದ ಹೊಡೆತವನ್ನೋ ಪಕ್ಕಕ್ಕೆ ಸರಿಸುತ್ತದೆ, ಇನ್ನೊಂದು ಕೈ ಕಿವಿಯ ಬಳಿಯಿಂದ ಬಂದು ಅವನ ಎದೆಯನ್ನು ತಳ್ಳುತ್ತದೆ. ಇದು ಗೊತ್ತಾದ ಕೂಡಲೇ ಕೆಳಗಿನ ಕೈ ಮಂಡಿಯ ಮುಂದೆ ಹಾಯಬೇಕು, ಹಿಂದಲ್ಲ, ಎಂಬುದು ಯಾರೂ ಹೇಳದೆಯೇ ಅರ್ಥವಾಗುತ್ತದೆ. ತಳ್ಳುವ ಬಲ ಭುಜದಿಂದ ಬರುವುದಿಲ್ಲ, ಹಿಂದಿನ ಕಾಲು ನೆಲವನ್ನು ಒತ್ತಿ, ಸೊಂಟ ತಿರುಗಿ, ಕೈಗೆ ತಲುಪುತ್ತದೆ. ಸೊಂಟ ನಿಂತ ಮೇಲೆ ಕೈ ಇನ್ನೂ ಚಲಿಸುತ್ತಿದ್ದರೆ ಕೈ ಒಂಟಿಯಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಜಗಳವಾಡುವ ಇರಾದೆ ನಿಮಗಿಲ್ಲದಿರಬಹುದು, ಆದರೂ ಈ ಯುದ್ಧದ ಅರ್ಥವನ್ನು ಬಿಟ್ಟರೆ ಚಲನೆ ಬರೀ ಕೈಬೀಸಾಟವಾಗುತ್ತದೆ.

ವಿಡಿಯೊದಿಂದ ಕಲಿಯುವವರಿಗೆ: ಗುರುವಿನ ಬೆನ್ನು ಕಾಣುವಂತೆ ಚಿತ್ರಿಸಿದ್ದನ್ನೇ ಆರಿಸಿ. ಎದುರು ನಿಂತು ತೋರಿಸಿದ್ದನ್ನು ನೋಡಿದರೆ ಎಡ ಬಲ ಅದಲುಬದಲಾಗುತ್ತದೆ. ಒಂದೇ ವಿಡಿಯೊಗೆ ಅಂಟಿಕೊಳ್ಳಿ. ಇದೇ ವರಸೆಯನ್ನು ಒಬ್ಬೊಬ್ಬರು ತುಸು ಬೇರೆಯಾಗಿ ಮಾಡುತ್ತಾರೆ, ನಾಲ್ಕು ಕಡೆ ನೋಡಿದರೆ ತಲೆ ಕೆಡುತ್ತದೆ. ಹದಿನೈದು ದಿನಕ್ಕೊಮ್ಮೆ ನಿಮ್ಮ ಅಭ್ಯಾಸವನ್ನು ಮೊಬೈಲ್‌ನಲ್ಲಿ ಚಿತ್ರಿಸಿ, ಮಂಡಿಯನ್ನು ಮಾತ್ರ ನೋಡಿ.

*ಎಚ್ಚರಿಕೆ:* 13 ಮತ್ತು 15ನೆಯವು ಒದೆತಗಳು. ಕಾಲು ಸೊಂಟದೆತ್ತರಕ್ಕೆ ಏಳಲೇಬೇಕೆಂದಿಲ್ಲ, ಮಂಡಿಯೆತ್ತರ ಸಾಕು. 16, 17ರಲ್ಲಿ ಒಂದು ಕಾಲಿನ ಮೇಲೆ ಪೂರ್ತಿ ಕುಳಿತು ಇನ್ನೊಂದನ್ನು ಚಾಚುವ ತಗ್ಗು ಭಂಗಿ ಬರುತ್ತದೆ. ಸ್ಪರ್ಧಿಗಳು ನೆಲಕ್ಕೆ ತಾಗುವಂತೆ ಇಳಿಯುತ್ತಾರೆ, ನೀವು ಒಂದು ಗೇಣು ಇಳಿದರೆ ಸಾಕು. ಪೂರ್ತಿ ವರಸೆಗೆ ಐದಾರು ನಿಮಿಷ ಹಿಡಿಯಬೇಕು. ಮೂರೇ ನಿಮಿಷಕ್ಕೆ ಮುಗಿಯುತ್ತಿದ್ದರೆ ತೂಕ ಬದಲಾಯಿಸುವುದನ್ನು ಹಾರಿಸುತ್ತಿದ್ದೀರಿ.

ಹಂತ 5: ಉಸಿರು ಮತ್ತು ಮನಸ್ಸು

ಇದನ್ನು ಇಷ್ಟು ತಡವಾಗಿ ಇಟ್ಟದ್ದಕ್ಕೆ ಕಾರಣ ಇದೆ. ಹೆಜ್ಜೆ ಗಟ್ಟಿಯಾಗದವರು ಉಸಿರಿನ ಲೆಕ್ಕ ಹಾಕಲು ಹೋದರೆ ಉಸಿರು ಕಟ್ಟುತ್ತದೆ. ಕೈ ಏಳುವಾಗ, ಹತ್ತಿರ ಬರುವಾಗ ಒಳಕ್ಕೆ. ಇಳಿಯುವಾಗ, ತಳ್ಳುವಾಗ ಹೊರಕ್ಕೆ. ಹೊಂದದಿದ್ದರೆ ಉಸಿರನ್ನು ಅದರ ಪಾಡಿಗೆ ಬಿಡಿ, ಚಲನೆಯನ್ನು ಮುಂದುವರಿಸಿ. ಪ್ರಾಣಾಯಾಮದ ಕುಂಭಕವನ್ನು ಇಲ್ಲಿಗೆ ತರಬೇಡಿ.

ಚಿ ಎಂದರೆ ದೇಹದಲ್ಲಿ ಹರಿಯುವ ಪ್ರಾಣಶಕ್ತಿ ಎಂಬ ಕಲ್ಪನೆ, ದಾನ್‌ತಿಯೆನ್ ಎಂದರೆ ಹೊಕ್ಕಳಿನ ಕೆಳಗೆ, ಒಳಕ್ಕೆ ಇರುವ ಅದರ ನೆಲೆ. ಆರಂಭದಲ್ಲಿ ಗಮನವನ್ನು ಆ ಜಾಗದಲ್ಲಿ ಹಗುರವಾಗಿ ಇಟ್ಟರೆ ಸಾಕು. ಅಂಗೈ ಬೆಚ್ಚಗಾಗುತ್ತದೆ, ಜುಮ್ಮೆನ್ನುತ್ತದೆ. ಅದರ ಬೆನ್ನು ಹತ್ತಬೇಡಿ. ಶಕ್ತಿಯನ್ನು ತಲೆಗೆ ಏರಿಸುವುದು, ಬೆನ್ನಲ್ಲಿ ಸುತ್ತಿಸುವುದು ಮುಂತಾದವನ್ನು ಒತ್ತಾಯದಿಂದ ಮಾಡಿದವರಿಗೆ ತಲೆನೋವು, ನಿದ್ರಾಹೀನತೆ, ಗಾಬರಿ ಬರುವುದುಂಟು. ಚೀನಾದ ಹಳೆಯ ಗುರುಗಳೂ ಇದರ ಬಗ್ಗೆ ಎಚ್ಚರಿಸಿದ್ದಾರೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಈ ಬಗೆಯ ಧ್ಯಾನದಿಂದ ದೂರ ಇದ್ದು, ಚಲನೆಯನ್ನಷ್ಟೇ ಮಾಡಿ.

ಮನಸ್ಸು ಅಲೆದಾಡಿದರೆ ಅಂಗಾಲಿಗೆ ತನ್ನಿ. ಈಗ ಯಾವ ಕಾಲು ತುಂಬಿದೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಬೇರೆ ಯೋಚನೆಗೆ ಜಾಗ ಇರುವುದಿಲ್ಲ.

ಹಂತ 6: ಗುರು ಮತ್ತು ಜೊತೆಗಾರ

ಆರು ತಿಂಗಳಾದ ಮೇಲಾದರೂ ಗೊತ್ತಿರುವವರೊಬ್ಬರ ಕಣ್ಣಿಗೆ ನಿಮ್ಮ ಅಭ್ಯಾಸ ಬೀಳಲೇಬೇಕು. ವರ್ಷಕ್ಕೆ ಎರಡು ಸಲ ಶಿಬಿರಕ್ಕೆ ಹೋದರೂ ಆದೀತು. ಭಾರತದಲ್ಲಿ ತಾಯ್‌ಜಿಚುಆನ್ ಸ್ಪರ್ಧಾತ್ಮಕ ವುಶು ಕ್ರೀಡೆಯ ಒಂದು ವಿಭಾಗವೂ ಆಗಿರುವುದರಿಂದ ನಿಮ್ಮ ಜಿಲ್ಲೆಯ ವುಶು ತರಬೇತುದಾರರನ್ನು ವಿಚಾರಿಸಿ ನೋಡಬಹುದು. ವಯಸ್ಸಾದವರಿಗೆ ಕಲಿಸಿ ಅನುಭವ ಇದೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ತರಗತಿಗೆ ಸೇರುವ ಮುನ್ನ ಒಂದು ದಿನ ಕುಳಿತು ನೋಡಿ. ಗುರು ವಿದ್ಯಾರ್ಥಿಗಳ ಮಂಡಿಯನ್ನು ತಿದ್ದುತ್ತಾರೆಯೇ? ಹಳೆಯ ವಿದ್ಯಾರ್ಥಿಗಳು ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಾರೆಯೇ? ಈ ಚಲನೆ ಯಾತಕ್ಕೆ ಎಂದು ಕೇಳಿದರೆ ಉತ್ತರ ಬರುತ್ತದೆಯೇ? ಮುಟ್ಟದೆಯೇ ಚಿ ಶಕ್ತಿಯಿಂದ ಜನರನ್ನು ಉರುಳಿಸುತ್ತೇನೆ ಎನ್ನುವವರಿದ್ದರೆ ಎದ್ದು ಬನ್ನಿ. ಬೀಳುವವರು ಅವರದೇ ಶಿಷ್ಯರು. 2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ತಾಯ್ ಚಿ ಗುರು ವೇ ಲೇ, ಮಿಶ್ರ ಸಮರಕಲೆಯ ಶೂ ಶಿಯಾವೊದೊಂಗ್ ಎದುರು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕುರುಳಿದ್ದನ್ನು ಇಡೀ ದೇಶ ನೋಡಿತು. ಆರೋಗ್ಯಕ್ಕಾಗಿ ಮಾಡುವ ಅಭ್ಯಾಸದ ಬೆಲೆ ಅದರಿಂದ ಕುಗ್ಗುವುದಿಲ್ಲ, ಪವಾಡದ ಮಾತುಗಳ ಬೆಲೆ ಮಾತ್ರ ತಿಳಿಯುತ್ತದೆ. "ಮಟ್ಟ"ಗಳ ಲೆಕ್ಕದಲ್ಲಿ ವರ್ಷದ ಶುಲ್ಕವನ್ನು ಮುಂಗಡ ಕೇಳುವವರಿಗೆ ತಿಂಗಳ ಲೆಕ್ಕದಲ್ಲಿ ಕೊಡುತ್ತೇನೆ ಎನ್ನಿ.

ಜೊತೆಗಾರ ಸಿಕ್ಕರೆ ತುಯ್‌ಶೋ ಕಲಿಯಿರಿ. ಇಬ್ಬರು ಎದುರುಬದುರು ಬಿಲ್ಲು ಹೆಜ್ಜೆಯಲ್ಲಿ ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರು ಮೆಲ್ಲನೆ ತಳ್ಳಿದಾಗ ಇನ್ನೊಬ್ಬರು ಎದುರು ಬಲ ಹಾಕದೆ ಸೊಂಟ ತಿರುಗಿಸಿ ಅದನ್ನು ಪಕ್ಕಕ್ಕೆ ಕಳಿಸುವ ಅಭ್ಯಾಸ ಇದು. ಒಬ್ಬರೇ ಮಾಡುವಾಗ ತೂಕ ಸರಿಯಾಗಿದೆ ಎಂದುಕೊಂಡದ್ದು ನಿಜವೋ ಅಲ್ಲವೋ ಎಂದು ಇಲ್ಲಿ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಮೊದಲ ದಿನಗಳಲ್ಲಿ ಪಾದ ಕದಲಿಸದೆ, ಒಂದೇ ಕೈಯಲ್ಲಿ, ಐದೈದು ನಿಮಿಷ ಮಾಡಿ, ಆಮೇಲೆ ಕಾಲು ಬದಲಿಸಿ. ಜೊತೆಗಾರರು ನಿಮಗಿಂತ ಬಲಶಾಲಿಯಾಗಿದ್ದರೆ ಬೆರಳ ತುದಿಯಷ್ಟೇ ಒತ್ತಡ ಹಾಕಲು ಮೊದಲೇ ಹೇಳಿಡಿ.